ಪೊರೆ ಬಿಟ್ಟ ದೋಣಿ

ನನ್ನಿಂದ ಆಗಬೇಕಾಗಿದ್ದದ್ದು ಎರಡೇ ಕೆಲಸ. ದೋಣಿಗೆ ಹೊದಿಸಿದ್ದ ಟಾರ್ಪಾಲನ್ನು ಹೊದಿಸಿದ ಹಾಗೆಯೇ ಬಿಡುವುದು ಒಂದು. ಅಣ್ಣ ಒಂದು ಮಾತು ಕೇಳಿದಾಗ ನಿಜ ಹೇಳುವುದು ಇನ್ನೊಂದು. ಎರಡನ್ನೂ ನಾನು ಮಾಡಲಿಲ್ಲ. ಮೊದಲನೆಯದಕ್ಕೆ ಮಳೆಯ ಕಡೆ ಕೈ ತೋರಿಸಿ ತಪ್ಪಿಸಿಕೊಳ್ಳಬಹುದು. ಎರಡನೆಯದಕ್ಕೆ ತೋರಿಸಲು ನನ್ನ ಬಾಯಿ ಬಿಟ್ಟರೆ ಬೇರೇನೂ ಇಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಬರೆದು ಅಭ್ಯಾಸವಿಲ್ಲ. ಆದರೆ ಈ ಕತೆಯನ್ನು ಊರಿನವರು ತಮಗೆ ತೋಚಿದ ಹಾಗೆ ಹೇಳಿ ನಗುತ್ತಾರೆ. ನಗಲಿ. ಸರಿಯಾಗಿ ತಿಳಿದುಕೊಂಡು ನಗಲಿ ಎಂದು ಬರೆಯುತ್ತಿದ್ದೇನೆ.

ಕೊಡಗು ಮೈಸೂರಿಗೆ ಸೇರಿದ ಹೊಸತು ಅದು. ಇನ್ನು ನಮಗೆ ಸೇತುವೆ ಬಂದ ಹಾಗೆಯೇ ಎಂದು ಊರಿನ ಹಿರಿಯರು ಕಾಫಿ ಕುಡಿಯುವಾಗಲೆಲ್ಲ ಹೇಳುತ್ತಿದ್ದರು. ಸೇತುವೆ ಹೊಳೆಯ ತಿರುವಿನಲ್ಲಿ ಬರಬೇಕೋ ಅತ್ತಿಮರದ ಹತ್ತಿರ ಬರಬೇಕೋ ಎಂದು ಇಬ್ಬರು ದಾಯಾದಿಗಳು ಮಾತು ಬಿಟ್ಟದ್ದೂ ಉಂಟು. ಸೇತುವೆ ಮಾತ್ರ ಬರಲಿಲ್ಲ. ನಮ್ಮ ಮನೆ ಕಾವೇರಿಯ ಈ ದಡದಲ್ಲಿ. ವಿರಾಜಪೇಟೆಗೆ ಹೋಗುವ ಬಸ್ಸು, ಸಂತೆ, ಆಸ್ಪತ್ರೆ, ಎಲ್ಲ ಆ ದಡದಲ್ಲಿ. ನಡುವೆ ಒಂದು ಮಡು, ಬೇಸಗೆಯಲ್ಲೂ ಕಾಲಿಗೆ ನೆಲ ಸಿಗದಷ್ಟು ಆಳ. ಅಲ್ಲಿ ದೋಣಿ ದಾಟಿಸುತ್ತಿದ್ದವರು ಮಲಯಾಳ ಸೀಮೆಯಿಂದ ಬಂದು ನಮ್ಮಲ್ಲೇ ಮುದುಕರಾದ ಒಬ್ಬರು. ಊರಿಗೆಲ್ಲ ಅವರು ಕಾಕ. ಅವರ ಮರದ ದೋಣಿಯ ಅಡಿ ಕೊಳೆತಿತ್ತು. ಹತ್ತಿದವರೆಲ್ಲ ಒಂದೊಂದು ಚಿಪ್ಪು ಹಿಡಿದು ನೀರು ಎತ್ತಿ ಹೊರಗೆ ಹಾಕುತ್ತ ದಾಟುವುದು ನಮಗೆ ಅಭ್ಯಾಸವಾಗಿ ಹೋಗಿತ್ತು.

ನನ್ನ ಅಣ್ಣ ಬಿಟ್ಟಂಗಾಲದ ಕಡೆ ಒಂದು ಎಸ್ಟೇಟಿನಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರ ನೋಡಿಕೊಳ್ಳುವ ಫಿಟ್ಟರ್ ಆಗಿದ್ದ. ಅಪ್ಪ ತೀರಿಕೊಂಡ ಮೇಲೆ, ಮೀಸೆ ಬರುವ ಮೊದಲೇ ಸೇರಿದವನು. ಕೆಲಸದವರ ಲೈನುಮನೆಯಲ್ಲಿ ಒಂದು ಕೋಣೆ, ಅಲ್ಲೇ ಅಡುಗೆ, ಅಲ್ಲೇ ನಿದ್ದೆ. ಶನಿವಾರ ಸಂಜೆ ಬಂದು ಭಾನುವಾರ ಸಂಜೆ ಹೊರಟುಬಿಡುವನು. ಅವನು ಬಂದಾಗ ಅವ್ವ ಚಾಪೆ ಹಾಸಿ, ಕೈಕಾಲಿಗೆ ನೀರು ಕೊಟ್ಟು, "ನೆಂಟರು ಬಂದೊ" ಎನ್ನುವಳು. ತಮಾಷೆಗೇ ಹೇಳುವುದು. ಆದರೆ ಅವನು ಹೊರಟು ಹೋದ ಮೇಲೆ ಆ ಚಾಪೆಯನ್ನು ಸುತ್ತಿ ಎತ್ತಿಡಲು ಅವಳಿಗೆ ತುಂಬ ಹೊತ್ತು ಬೇಕಾಗುತ್ತಿತ್ತು.

ಆ ಎಸ್ಟೇಟಿನ ಬಿಳಿಯ ದೊರೆ ತೋಟ ಮಾರಿ ತನ್ನ ಊರಿಗೆ ಹೊರಟಾಗ ಇದ್ದಬದ್ದದ್ದನ್ನು ಹಂಚಿದ. ನಾಯಿ ಲೆಕ್ಕ ಬರೆಯುವ ರೈಟರಿಗೆ ಹೋಯಿತು, ಕುರ್ಚಿಗಳು ಪಾದ್ರಿಗೆ ಹೋದವು. ಅಣ್ಣನಿಗೆ ಸಿಕ್ಕಿದ್ದು ಒಂದು ಕಬ್ಬಿಣದ ದೋಣಿ. ದೊರೆ ಎಳೆಯನಾಗಿದ್ದಾಗ ಕೆರೆಯಲ್ಲಿ ಬಾತುಕೋಳಿ ಹೊಡೆಯಲು ತರಿಸಿದ್ದಂತೆ. ಈಗ ಅದು ಹಲಸಿನ ಮರದ ಬುಡದಲ್ಲಿ ಮಗುಚಿ ಬಿದ್ದಿತ್ತು, ಒಳಗೆ ಕೋಳಿಗಳು ಸಂಸಾರ ಹೂಡಿದ್ದವು. ಎಸ್ಟೇಟಿನ ಲಾರಿ ಅದನ್ನು ಆ ದಡಕ್ಕೆ ತಂದು ಇಳಿಸಿತು. ತುಕ್ಕು ತಿಂದು ಅಲ್ಲಲ್ಲಿ ತೂತು ಬಿದ್ದಿದ್ದರಿಂದ ತೂತುಗಳಿಗೆ ಬಟ್ಟೆ ತುರುಕಿ, ಕಾಕನ ದೋಣಿಯ ಹಿಂದೆ ಹಗ್ಗ ಕಟ್ಟಿ ಎಳೆದು ತರಬೇಕಾಯಿತು.

"ದೋಣಿ ದಾಟಿಸ್ಲಿಕ್ಕೆ ದೋಣಿ ಬೇಕಾಯ್ತಲ್ಲಾ ಮೋನೆ," ಎಂದರು ಕಾಕ. ಅವರ ಮಾತಿನಲ್ಲಿ ಮೋನೆ ಎಂದರೆ ಮಗ, ಮೋಳೆ ಎಂದರೆ ಮಗಳು, ಇರುಂಬು ಎಂದರೆ ಕಬ್ಬಿಣ. "ಇದು ಇರುಂಬು. ಮರ ತೇಲ್ತದೆ, ಇರುಂಬು ಮುಳುಗ್ತದೆ. ಇದು ದೇವರು ಮಾಡಿದ ನಿಯಮ."

"ಹಡಗೆಲ್ಲ ಎಂತದ್ರಲ್ಲಿ ಮಾಡ್ದು ಕಾಕ?"

"ಹಡಗು ಕಡಲಿಗೆ. ಕಡಲಿಗೆ ಬುದ್ಧಿ ಇಲ್ಲೆ. ಕಾವೇರಿಗೆ ಬುದ್ಧಿ ಉಂಟು."

ಹಿರಿಯರು ಕೂತು ಮಾತಾಡಿದರು. ಮರದ ದೋಣಿ ಹೊಸದು ಮಾಡಿಸುವುದಾದರೆ ದೊಡ್ಡ ಮರ ಕಡಿಸಬೇಕು, ಆಚಾರಿ ಕರೆಸಬೇಕು. ಈ ಹುಡುಗನ ಕಬ್ಬಿಣ ಒಂದು ಮಳೆಗಾಲ ತಡೆದುಕೊಂಡರೆ ಕಡವು, ಎಂದರೆ ಅಲ್ಲಿ ದೋಣಿ ದಾಟಿಸುವ ಕೆಲಸ, ಅವನಿಗೇ ಇರಲಿ, ಕಾಕನಿಗೂ ವಯಸ್ಸಾಯಿತು ಎಂದು ತೀರ್ಮಾನವಾಯಿತು. ಕಾಕ ಅದಕ್ಕೆ ಒಪ್ಪಿ ಬೀಡಿ ಹಚ್ಚಿದರು. ಅವ್ವ ಒಳಗೆ ಹೋಗಿ ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕಿದಳು. ಕಡವು ಸಿಕ್ಕರೆ ಅಣ್ಣ ಲೈನಿನ ಕೋಣೆ ಬಿಟ್ಟು ಮನೆಗೆ ಬರುತ್ತಾನೆ, ನೆಂಟನಾಗಿ ಅಲ್ಲ. ಅವ್ವನ ಈ ಆಸೆಯೆಲ್ಲ ನಿಂತಿದ್ದದ್ದು ಆ ದೋಣಿಯ ಮೇಲೆ.

ದೋಣಿಯನ್ನು ನಮ್ಮ ಕಣದ ಅಂಚಿನಲ್ಲಿ ಮಗುಚಿ ಹಾಕಿದ್ದರು. ಭಾನುವಾರ ಬಂತೆಂದರೆ ನಾನೂ ಅಣ್ಣನೂ ಕೆರೆಯುವುದೇ ಕೆರೆಯುವುದು. ಉಳಿ ಇಟ್ಟು ತಟ್ಟಿದರೆ ತುಕ್ಕು ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಆಮೇಲೆ ತಂತಿ ಬ್ರಷ್ಷು, ಆಮೇಲೆ ಉಪ್ಪುಕಾಗದ. ನನ್ನ ಮೂಗಿನೊಳಗೆ, ಕೂದಲೊಳಗೆ, ಊಟದ ಅನ್ನದೊಳಗೆ ತುಕ್ಕಿನ ಪುಡಿ. ತೂತಿದ್ದಲ್ಲಿ ಅಣ್ಣ ತಗಡಿನ ತುಂಡು ಇಟ್ಟು ರಿವೆಟ್ ಹೊಡೆದ. ಕಡೆಗೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಇಡೀ ಮೈ ಒರೆಸಿದಾಗ ದೋಣಿ ಬೂದು ಬೆಕ್ಕಿನ ಹಾಗೆ ನುಣ್ಣಗೆ ಕಂಡಿತು. ಅದಕ್ಕೆ ಅಷ್ಟು ಚೆಂದ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಅಂದೇ ಮೊದಲ ಬಣ್ಣ ಬಳಿಯಬೇಕಿತ್ತು. ರೆಡ್ ಲೆಡ್ ಎಂಬ ಕಿತ್ತಳೆ ಬಣ್ಣದ ಪುಡಿ, ಅದನ್ನು ಅಗಸೆ ಎಣ್ಣೆಯಲ್ಲಿ ಕಲಸಿ ಹಚ್ಚಿದರೆ ಕಬ್ಬಿಣಕ್ಕೆ ನೀರು ತಾಗುವುದಿಲ್ಲ. ಆದರೆ ಅಂಗಡಿಯವನು ಮೈಸೂರಿನಿಂದ ಬರುವ ವಾರ ಬರುತ್ತದೆ ಎಂದಿದ್ದ. ಅಣ್ಣ ಎಸ್ಟೇಟಿನಿಂದ ಕೇಳಿ ತಂದ ಟಾರ್ಪಾಲನ್ನು ದೋಣಿಗೆ ಹೊದಿಸಿ, ಸುತ್ತ ಕಲ್ಲು ಇಟ್ಟ.

"ಏ ಗೂಡೆ, ಇಲ್ಲಿ ಕೇಳ್. ಬರಿ ಮೈ ಕಬ್ಬಿಣ ಇದ್. ಒಂದ್ ಹನಿ ನೀರ್ ತಾಗ್ಬಾರ್ದ್, ಕೈ ತಾಗ್ಬಾರ್ದ್. ನಾ ಬರುವವರೆಗೆ ಟಾರ್ಪಾಲ್ ತೆಗಿಬೇಡ."

"ಕೋಳಿ ಕೂತ್ರೆ?"

"ಕೋಳಿಗೂ ಹೇಳ್."

ನಾನು ಕೋಳಿಗೂ ಹೇಳಿದೆ.

ಆ ವಾರದ ನಡುವೆ ಒಂದು ಮಧ್ಯಾಹ್ನ ಪಡುವಣ ಕಪ್ಪಾಯಿತು. ಕಾಫಿ ಬೆಳೆಯುವ ಸೀಮೆಯಲ್ಲಿ ಆ ಹೊತ್ತಿನ ಮಳೆಗೆ ಜನ ಎಷ್ಟು ಕಾಯುತ್ತಾರೆಂದು ಹೊರಗಿನವರಿಗೆ ಹೇಳುವುದು ಕಷ್ಟ. ಹೂಮಳೆ ಬಿದ್ದರೆ ಗಿಡ ಹೂ ಬಿಡುತ್ತದೆ, ಇಲ್ಲದಿದ್ದರೆ ಆ ವರ್ಷ ಫಸಲಿಲ್ಲ. ಎಲ್ಲರಿಗೂ ಮಳೆ ಬೇಕು, ಆದರೆ ಕಣದಲ್ಲಿ ಮೆಣಸು ಹರಡಿದವರಿಗೆ ಸ್ವಲ್ಪ ತಡೆದು ಬೇಕು. ನಮ್ಮ ಕಣದ ತುಂಬ ಕರಿಮೆಣಸು ಒಣಗುತ್ತಿತ್ತು. ಅವ್ವ ಹೆಡಿಗೆ ಹಿಡಿದು ಓಡಿದಳು, ನಾನು ಬಾಚಿ ರಾಶಿ ಮಾಡಿದೆ. ಗಾಳಿ ಎದ್ದಿತು. ಚಾಪೆ ಹಾರಿತು. ಮೋಡ ಕಂಡರೆ ಮೊದಲು ಕಣ ಮುಚ್ಚುವುದು, ಉಳಿದದ್ದು ಆಮೇಲೆ. ನಡೆಯಲು ಕಲಿತಾಗಿನಿಂದ ನನ್ನ ಕೈಕಾಲಿಗೆ ಗೊತ್ತಿದ್ದದ್ದು ಅದೊಂದೇ. ಕಲ್ಲು ಉರುಳಿಸಿ ಟಾರ್ಪಾಲು ಎಳೆದು ಮೆಣಸಿನ ಮೇಲೆ ಹಾಕಿದ್ದು ನಾನೇ, ಆದರೆ ಯೋಚಿಸಿದ ನೆನಪು ನನಗಿಲ್ಲ.

ಮಳೆ ಧೋ ಎಂದು ಸುರಿಯಿತು. ಅವ್ವ ಜಗಲಿಯಲ್ಲಿ ನಿಂತು ನಗುತ್ತಿದ್ದಳು. ಪಕ್ಕದ ತೋಟದಿಂದ ಯಾರೋ ಕೂ ಹಾಕಿದರು, ಅದಕ್ಕೆ ಇನ್ನೊಂದು ತೋಟದಿಂದ ಕೂ ಬಂತು. ಒಂದು ಮೆಣಸಿನ ಕಾಳೂ ನೆನೆಯಲಿಲ್ಲ.

ಕೆಲವು ದಿನಕ್ಕೆ ತೋಟವೆಲ್ಲ ಬಿಳಿ ಹೂ. ಆದರೆ ಮಾರನೇ ಬೆಳಿಗ್ಗೆಯೇ ನನ್ನ ದೋಣಿ ಹೂ ಬಿಟ್ಟಿತ್ತು. ಮೈತುಂಬ ಅರಿಸಿನ ಚೆಲ್ಲಿದ ಹಾಗೆ ಹೊಸ ತುಕ್ಕು. ನಾನೇನು ಕೈ ಕಟ್ಟಿ ಕೂರುವವಳಲ್ಲ. ಬೂದಿ ತಂದೆ, ತೆಂಗಿನ ನಾರು ತಂದೆ, ತಿಕ್ಕಿದೆ. ತುಕ್ಕು ಹೋಯಿತು. ಮತ್ತೆ ಬರದಿರಲು ಏನು ಮಾಡಬೇಕೆಂದು ನಮ್ಮ ಕಡೆ ಹಸುಗೂಸಿಗೂ ಗೊತ್ತು. ಕೋವಿಗೆ ಎಣ್ಣೆ, ಕತ್ತಿಗೆ ಎಣ್ಣೆ, ಆಯುಧಕ್ಕೆ ಪೂಜೆ ಮಾಡುವ ಕೈಲ್ ಮುಹೂರ್ತ ಬಂದರೆ ನೇಗಿಲಿನ ಗುಳಕ್ಕೂ ಎಣ್ಣೆ. ಅಪ್ಪನ ಕೋವಿಯ ನಳಿಗೆಗೆ ಪ್ರತಿ ವರ್ಷ ಎಣ್ಣೆ ಹಚ್ಚುತ್ತಿದ್ದವಳು ನಾನೇ, ಅದರ ಮೇಲೆ ಒಂದು ಚುಕ್ಕೆ ತುಕ್ಕು ಯಾರೂ ಕಂಡವರಿಲ್ಲ. ಹಾಗಾಗಿ ಅಡುಗೆಮನೆಯ ತೆಂಗಿನೆಣ್ಣೆ ಗಿಂಡಿ ತಂದು ದೋಣಿಯ ಇಡೀ ಹೊರಮೈಗೆ, ರಿವೆಟ್ಟಿನ ಸಂದು ಸಂದಿಗೆ, ಚೆನ್ನಾಗಿ ತೀಡಿದೆ. ಜಿಡ್ಡು ಕಾಣದಿರಲೆಂದು ಮೇಲೆ ಬೂದಿ ಎರಚಿ ಒರೆಸಿದೆ. ಟಾರ್ಪಾಲು ಹೊದಿಸಿ ಕಲ್ಲು ಇಟ್ಟೆ. ಅವ್ವ ನೋಡಿದಳು. ಅವಳಿಗೂ ಅದು ಸರಿಯಾಗಿಯೇ ಕಂಡಿತು. "ಒಳ್ಳೇದಾತ್, ಇನ್ ತುಕ್ಕ್ ಹಿಡಿಯ," ಎಂದಳು.

ಭಾನುವಾರ ಅಣ್ಣ ರೆಡ್ ಲೆಡ್ ಡಬ್ಬಿ ಹೊತ್ತು ಬಂದ. ಟಾರ್ಪಾಲು ತೆಗೆದು ನೋಡಿದವನು ತಲೆ ಓರೆ ಮಾಡಿ ನಿಂತ.

"ನಾ ಬಿಟ್ಟು ಹೋದ ದಿನಕ್ಕಿಂತ ಮಿಂಚ್ತಾ ಉಟ್ಟಲ್ಲ."

ನಾನು ಸೆರಗಿನ ತುದಿಗೆ ಗಂಟು ಹಾಕುತ್ತಿದ್ದೆ.

"ಮಳೆ ಬಂದಿತ್ತಲ್ಲ. ನೆನ್ದಿತಾ? ಎಂತಾದ್ರೂ ಹಚ್ಚಿದ್ದಾ ನೀ?"

ಅವನ ಕೈಯಲ್ಲಿ ಸೀಮೆಎಣ್ಣೆಯ ಬಟ್ಟೆ ಇತ್ತು. ಹೌದು ಎಂದಿದ್ದರೆ ಇನ್ನೊಮ್ಮೆ ಒರೆಸುತ್ತಿದ್ದ, ಒಂದು ಗದರಿಕೆಯಲ್ಲಿ ಮುಗಿಯುತ್ತಿತ್ತು. ಆದರೆ ಹೌದು ಎಂದರೆ ಟಾರ್ಪಾಲಿನ ಕತೆಯನ್ನೂ ಹೇಳಬೇಕು. ಎಣ್ಣೆಯಿಂದ ಕೆಡುಕಾಗುತ್ತದೆ ಎಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ, ಗದರಿಕೆ ತಪ್ಪಿದರೆ ಸಾಕಿತ್ತು.

"ಇಲ್ಲೆ," ಎಂದೆ.

ಅವನು ಬಟ್ಟೆಯನ್ನು ಪಕ್ಕಕ್ಕೆ ಎಸೆದು ಡಬ್ಬಿಯ ಮುಚ್ಚಳ ತೆಗೆದ.

ಬಣ್ಣದ ದಿನ ನಮ್ಮ ಕಣದಲ್ಲಿ ಮದುವೆಮನೆಯ ಗದ್ದಲ. ಅಣ್ಣ ಅಗಸೆ ಎಣ್ಣೆಯನ್ನು ಲೋಟದಲ್ಲಿ ಅಳೆದು ಹೊಯ್ಯುವನು, ನಾನು ಕೋಲಿನಲ್ಲಿ ಕಲಸುವೆ. ಕೆಂಪು ಒಣಗಿದ ಮೇಲೆ ಯಾವ ಬಣ್ಣ ಎಂದು ಊರಿಗೆ ಊರೇ ಸಲಹೆ ಕೊಟ್ಟಿತು. ಅವ್ವನಿಗೆ ಗೋಡೆಯ ನೀಲಿ ಬೇಕಿತ್ತು. ಕಾಕ, "ಕರಿದು ಹಚ್ಚು, ಮುಳುಗಿದ್ರೆ ಹುಡುಕುವ ಕೆಲಸ ಬೇಡ," ಎಂದರು. ಕಡೆಗೆ ಎಸ್ಟೇಟಿನ ಗೇಟಿಗೆ ತಂದು ಉಳಿದಿದ್ದ ಕಡು ಹಸಿರು ಬಿತ್ತು. ನೀರಿಗೆ ಇಳಿಸಿದ ದಿನ ಅದು ಎಲೆಯ ಮೇಲೆ ಕೂತ ಮಿಡತೆಯ ಹಾಗಿತ್ತು. ಕಾಕನೇ ಮೊದಲು ಹತ್ತಿ ಕೂತರು. ಕಾಲು ಎತ್ತಿ ಎತ್ತಿ ಇಟ್ಟು ನೋಡಿದರು. "ನೀರು ಇಲ್ಲಲ್ಲಾ," ಎಂದರು, ಏನೋ ಕಳೆದುಕೊಂಡವರ ಹಾಗೆ.

ಅಣ್ಣ ಎಸ್ಟೇಟಿನಿಂದ ರಜೆ ತೆಗೆದುಕೊಂಡು ಬಂದ. ಮಳೆಗಾಲ ಮೊದಲಾದಾಗ ಎಲ್ಲ ಸರಿಯಿತ್ತು. ಜಡಿಮಳೆಯ ಕಕ್ಕಡ ತಿಂಗಳು ಬಂದು ಹೊಳೆ ಕೆಂಪಾಗಿ ಉಕ್ಕಿದಾಗ, ದೋಣಿಯ ಹೊರಬದಿಯ ಬಣ್ಣದಲ್ಲಿ ದೋಸೆಯ ಮೇಲೆ ಏಳುವಂಥ ಗುಳ್ಳೆಗಳು ಎದ್ದವು. ಒಂದು ಗುಳ್ಳೆ ಒಡೆಯಿತು. ಅದರ ಅಂಚನ್ನು ಸಂತೆಗೆ ಹೊರಟ ಒಬ್ಬಳು ಉಗುರಿನಲ್ಲಿ ಎಬ್ಬಿಸಿದಳು. ಹಸಿರೂ ಕೆಂಪೂ ಸೇರಿ ಬಾಳೆಯ ಹೊದಿಕೆಯ ಹಾಗೆ ಉದ್ದಕ್ಕೆ ಸುಲಿದು ಬಂತು. ಅಂಥದ್ದು ಒಮ್ಮೆ ಸಿಕ್ಕಿದರೆ ಯಾರ ಕೈ ಸುಮ್ಮನಿರುತ್ತದೆ? ಆ ದಡ ಮುಟ್ಟುವಷ್ಟರಲ್ಲಿ ಎಲ್ಲರ ಕೈಯಲ್ಲೂ ಒಂದೊಂದು ತುಂಡು.

"ನಿನ್ನ ದೋಣಿ ಪೊರೆ ಬಿಡ್ತಾ ಉಂಟು ಮೋನೆ," ಎಂದು ಕಾಕ ಒಂದು ಉದ್ದದ ತುಂಡನ್ನು ಮಳೆಗೆ ತಲೆಯ ಮೇಲೆ ಹೊದ್ದಿದ್ದ ಗೊರಬೆಗೆ ಸಿಕ್ಕಿಸಿಕೊಂಡರು. "ಹಾವು ಜಾತಿ. ಕಚ್ಚದಿದ್ರೆ ಸಾಕು."

ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ನಾನು ಹುಟ್ಟು ಹಾಕುತ್ತಿದ್ದ ಅಣ್ಣನ ಪಕ್ಕದಲ್ಲಿ ಕೂತು ಒಂದು ತುಂಡಿನ ಒಳಮೈ ಮುಟ್ಟಿ ನೋಡಿದೆ. ಬೆರಳು ಜಾರಿತು. ಮೂಸಿದೆ. ನಮ್ಮ ಅಡುಗೆಮನೆಯ ವಾಸನೆ. ಅಲ್ಲಿಗೆ ನನಗೆ ಎಲ್ಲ ಗೊತ್ತಾಯಿತು. ತುಂಡನ್ನು ಹೊಳೆಗೆ ಬಿಟ್ಟೆ.

ಮಳೆಗಾಲ ಮುಗಿಯುವಷ್ಟರಲ್ಲಿ ರಿವೆಟ್ಟಿನ ಸಾಲಿನಲ್ಲಿ ನೀರು ಜಿನುಗತೊಡಗಿತು. ಯಾರೂ ಮುಳುಗಲಿಲ್ಲ, ಕಾವೇರಿಗೆ ಬುದ್ಧಿ ಇತ್ತು. ಆದರೆ ಹಿರಿಯರು ಮಾತಿನಂತೆ ನಡೆದರು. ದೊಡ್ಡ ಮರ ಕಡಿಸಿದರು, ಕಡವು ಕಾಕನ ಹತ್ತಿರವೇ ಉಳಿಯಿತು. ಕಬ್ಬಿಣದ ದೋಣಿ ದಡದಲ್ಲಿ ಮಗುಚಿ ಬಿತ್ತು, ಊರಿನ ಕೋಳಿಗಳು ಅದರೊಳಗೆ ಸಂಸಾರ ಹೂಡಿದವು. ಅಣ್ಣ ಲೈನಿನ ಕೋಣೆಗೆ ಹಿಂದಿರುಗಿದ.

"ಎಣ್ಣೆ ಅಳತೆ ತಪ್ಪಿತ್ ನಂಗೆ," ಎಂದ ಹೊರಡುವಾಗ. "ಅಗಸೆ ಎಣ್ಣೆ ಜಾಸ್ತಿ ಆತ್."

ಅವ್ವ ಚಾಪೆ ಸುತ್ತುತ್ತಿದ್ದಳು. ನಾನು ಬಾಯಿ ತೆರೆದೆ. "ಬುತ್ತಿ ಮರೀಬೇಡ" ಎಂದು ಹೇಳಿ ಮುಚ್ಚಿದೆ.

ಆಮೇಲೊಮ್ಮೆ ಅವ್ವನ ಜೊತೆ ಅವನ ಲೈನಿಗೆ ಹೋದೆ. ಕೋಣೆಯ ಮುಂದಿನ ತಂತಿಯಲ್ಲಿ ಜನ ಬಟ್ಟೆ ಒಣಹಾಕುವ ಹಾಗೆ ತಗಡಿನ ತುಂಡುಗಳು ತೂಗುತ್ತಿದ್ದವು. ಒಂದೊಂದಕ್ಕೂ ರೆಡ್ ಲೆಡ್, ಒಂದೊಂದಕ್ಕೂ ಬೇರೆ ಅಳತೆಯ ಅಗಸೆ ಎಣ್ಣೆ. ಬಿಸಿಲಿಗೂ ಮಳೆಗೂ ಬಿಟ್ಟು ಪರೀಕ್ಷೆ ಮಾಡುತ್ತಿದ್ದ. ಪಕ್ಕದ ಲೈನಿನವರು ಅವನಿಗೆ ತಗಡಿನ ಜ್ಯೋತಿಷಿ ಎಂದು ಹೆಸರಿಟ್ಟಿದ್ದರು.

"ಇದ್ ನೋಡ್," ಎಂದು ಒಂದು ತುಂಡನ್ನು ನನ್ನ ಕೈಗೆ ಕೊಟ್ಟ. "ದೋಣಿಗೆ ಹಾಕಿದ ಅಳತೆ ಇದೇ. ಮಳೆಗಾಲ ಪೂರಾ ನೇತಾಡಿತ್, ಉಗುರ್ ಹಾಕಿದ್ರೂ ಏಳ್ದಿಲ್ಲೆ. ಇಲ್ಲಿ ನಿಲ್ತದೆ, ಅಲ್ಲಿ ಯಾಕೆ ನಿಲ್ಲಿಲ್ಲೆ?"

ಎಣ್ಣೆ ಅರ್ಧ ಮಾಡಿದ ತುಂಡು ಒಣಗಿದ ಗದ್ದೆಯ ಹಾಗೆ ಬಿರುಕು ಬಿಟ್ಟಿತ್ತು. ಅದನ್ನೂ ತೋರಿಸಿದ. ನಾನು ಎರಡನ್ನೂ ತಿರುಗಿಸಿ ನೋಡಿ, ಚೆನ್ನಾಗಿ ನೋಡಿದವಳ ಹಾಗೆ ತಲೆಯಾಡಿಸಿ, ತಂತಿಗೆ ಮತ್ತೆ ಸಿಕ್ಕಿಸಿದೆ. ಅಷ್ಟು ಕೆಟ್ಟ ಕೆಲಸವನ್ನು ನಾನು ಅದಕ್ಕೂ ಮೊದಲು ಮಾಡಿರಲಿಲ್ಲ.

ನನಗೆ ಮದುವೆಯಾಯಿತು, ಹೊಳೆಯ ಆ ದಡದ ಮನೆಗೆ. ತವರಿಗೆ ಬರುವಾಗೆಲ್ಲ ಕಾಕನ ದೋಣಿ. ಈ ದಡಕ್ಕೆ ಇಳಿದರೆ ಮೊದಲು ಕಣ್ಣಿಗೆ ಬೀಳುವುದು ಮಗುಚಿದ ಕಬ್ಬಿಣ. ನಾನು ಬೇರೆ ಕಡೆ ನೋಡುತ್ತ ನಡೆಯುವುದನ್ನು ಕಂಡು, "ಮೋಳೆಗೆ ಕೋಳಿ ಅಂದ್ರೆ ಭಯ," ಎಂದು ಕಾಕ ಎಲ್ಲರಿಗೂ ಹೇಳುವರು.

ಕೆಲವು ವರ್ಷಕ್ಕೆ ಹೊಸ ಮರದ ದೋಣಿಯೂ ಸೋರತೊಡಗಿತು. ಕಾಕನ ತೋಳು ಸೋತಿತ್ತು. "ನಿನ್ನ ಇರುಂಬು ಇನ್ನೊಮ್ಮೆ ನೋಡು," ಎಂದು ಅವರೇ ಅಣ್ಣನಿಗೆ ಹೇಳಿ ಕಳಿಸಿದರು. ಹಿರಿಯರೂ ಹೂಂ ಎಂದರಂತೆ, ಇದೊಂದು ಸಲ. ಅಣ್ಣ ಭಾನುವಾರಗಳಲ್ಲಿ ಬಂದು, ಕೋಳಿ ಓಡಿಸಿ, ಒಬ್ಬನೇ ಕೆರೆದ. ಬಣ್ಣದ ಹಿಂದಿನ ದಿನ ಬಸ್ಸಿಳಿದವನು ನನ್ನ ಗಂಡನ ಮನೆಗೆ ಊಟಕ್ಕೆ ಬಂದ. ಕೂದಲು ಕಿವಿಯ ಹತ್ತಿರ ನರೆತಿತ್ತು.

"ಈ ಸಲ ಅಗಸೆ ಎಣ್ಣೆ ಅರ್ಧ ಹಾಕ್ನೆ," ಎಂದ, ಅನ್ನ ಕಲಸುತ್ತ.

"ಅರ್ಧದ್ ಬಿರುಕು ಬಿಟ್ಟಿತ್ತಲ್ಲ, ತಂತಿಲಿ," ಎಂದೆ.

"ತಗಡ್ ಬೇರೆ, ಹೊಳೆ ಬೇರೆ. ಹೊಳೆಲಿ ಜಾಸ್ತಿ ಆಗಿಯೇ ಹೋತಲ್ಲ ಆಗ."

ಅತ್ತೆ ಮಜ್ಜಿಗೆ ಬಡಿಸುತ್ತಿದ್ದರು, ನನ್ನ ಗಂಡ ಪಕ್ಕದಲ್ಲಿ ಕೂತಿದ್ದರು. ಅವರ ಮುಂದೆ ಆ ಮಾತು ಎತ್ತಲಾರದೆ ಅಣ್ಣನ ಎಲೆಗೆ ಉಪ್ಪಿನಕಾಯಿ ಬಡಿಸಿದೆ. ಅಣ್ಣ ಕೈ ತೊಳೆದು, ಡಬ್ಬಿ ಎತ್ತಿಕೊಂಡು, ಆ ದಿನದ ಕೊನೆಯ ದೋಣಿಗೆ ಹೋದ.

ಬೆಳಗಾದೊಡನೆ ದನ ಬಿಡುವ ನೆವದಲ್ಲಿ ಹೊಳೆಗೆ ಓಡಿದೆ. ಎದುರಿಗೆ ತವರಿನ ದಡದಲ್ಲಿ, ಬೂದು ಬೆಕ್ಕಿನ ಹಾಗೆ ನುಣ್ಣಗಾದ ದೋಣಿಯ ಪಕ್ಕದಲ್ಲಿ, ಅಣ್ಣ ಕುಕ್ಕರಗಾಲಲ್ಲಿ ಕೂತು ಕೋಲಿನಿಂದ ಕಲಸುತ್ತಿದ್ದ. ಕಾಕನ ದೋಣಿ ಆ ಕಡೆಯಿಂದ ಆಗಷ್ಟೇ ಹೊರಟು ಹೊಳೆಯ ನಡುವೆ ಇತ್ತು. ಸಂತೆಯ ದಿನ, ತುಂಬ ಜನ. ಅದು ಇಲ್ಲಿಗೆ ಬಂದು, ನಾನು ಹತ್ತಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಅವನು ಅರ್ಧ ಮೈ ಬಳಿದಾಗಿರುತ್ತಿತ್ತು.

ಕೂ ಹಾಕಿದೆ. ಅಣ್ಣ ತಲೆ ಎತ್ತಿದ.

"ಅದ್ ಹಚ್ಬೇಡ ಅಣ್ಣ."

"ಎಂತ?"

ಪಲ್ಪರಿನ ಸದ್ದಿನಲ್ಲಿ ವರ್ಷಗಟ್ಟಲೆ ಕೂತವನ ಕಿವಿ. ಅವನಿಗೆ ಕೇಳಬೇಕಾದರೆ ಎರಡು ದಡಕ್ಕೂ ಕೇಳಬೇಕು.

"ಎಣ್ಣೆ ಕಮ್ಮಿ ಮಾಡ್ಬೇಡ. ಮೊದ್ಲಿನ ಅಳತೆನೇ ಸರಿ ಇತ್ತ್."

ಅವನು ಎದ್ದು ನಿಂತ. ಕೋಲಿನ ತುದಿಯಿಂದ ಕೆಂಪು ತೊಟ್ಟಿಕ್ಕುತ್ತಿತ್ತು. "ನಿಂಗೆ ಹೆಂಗೆ ಗೊತ್ತ್?"

ಕಾಕ ಹುಟ್ಟನ್ನು ನೀರಿನಿಂದ ಮೇಲೆತ್ತಿ ಹಿಡಿದರು. ದೋಣಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು, ಒಬ್ಬಳ ಹೆಡಿಗೆಯಲ್ಲಿದ್ದ ಹುಂಜವೂ ತಿರುಗಿತು. ಮಡುವಿನ ನೀರು ಆ ಹೊತ್ತಿಗೆ ಎಷ್ಟು ಸುಮ್ಮನಿತ್ತೆಂದರೆ ನನ್ನ ಮಾತು ಜಾರಿ ಹೋಗಲು ಎಲ್ಲೂ ಅಡ್ಡಿಯಿರಲಿಲ್ಲ. ಎರಡು ಕೈಯನ್ನೂ ಬಾಯಿಗೆ ಹಿಡಿದೆ.

"ಹೂಮಳೆ ದಿನ ಟಾರ್ಪಾಲ್ ತೆಗ್ದದ್ ನಾನ್. ಮೆಣಸಿಗೆ ಮುಚ್ಚಿದೆ. ದೋಣಿಗೆ ತುಕ್ಕ್ ಬಂತ್, ತೆಂಗಿನೆಣ್ಣೆ ತೀಡಿದೆ, ಕೋವಿಗೆ ತೀಡ್ದಂಗೆ. ಅದ್ಕೇ ಬಣ್ಣ ಕೂರ್ಲಿಲ್ಲೆ. ನೀ ಕೇಳಿದಾಗ ಇಲ್ಲೆಂತ ಸುಳ್ಳು ಹೇಳಿದೆ. ನಿನ್ ಅಳತೆ ತಪ್ಪಿಲ್ಲೆ ಅಣ್ಣ, ಯಾವತ್ತೂ ತಪ್ಪಿಲ್ಲೆ. ನೀ ಇಷ್ಟು ವರ್ಷ ಮನೆ ಬಿಟ್ಟು ಲೈನಿಲಿ ಮಲಗಿದ್ದ್ ನನ್ನಿಂದ. ತಪ್ಪಾತ್ ಅಣ್ಣ, ನನ್ನ ತಪ್ಪ್. ಕ್ಷಮಿಸ್."